ಚೌಕಾಸಿ ಸೊಪ್ಪಿಗೆ, ಸೋರಿಕೆ ಪೊಟ್ಟಣಕ್ಕೆ

ತಿಂಗಳ ದಿನಸಿ ಖರ್ಚು ಇಳಿಸಬೇಕೆಂದರೆ ದುಡ್ಡು ಎಲ್ಲಿ ಸೋರುತ್ತಿದೆ ಎಂದು ಮೊದಲು ನೋಡಬೇಕು. ಅಕ್ಕಿ–ಬೇಳೆಯ ಸಾಲಿನಲ್ಲಿ ಹುಡುಕಿದರೆ ಆ ತೂತು ಸಿಗುವುದು ಕಷ್ಟ.

ಕೊತ್ತಂಬರಿ ಕಟ್ಟಿಗೆ ಸೊಪ್ಪಿನಮ್ಮ ಇಪ್ಪತ್ತು ಎಂದರೆ ‘ಹದಿನೈದಕ್ಕೆ ಕೊಡಮ್ಮಾ’ ಎಂದು ಹಟ ಹಿಡಿಯುತ್ತೇವೆ. ಅದೇ ಸಂಜೆ ಮೊಬೈಲಿನಲ್ಲಿ ಎರಡು ಚಿಪ್ಸ್, ಒಂದು ದೊಡ್ಡ ಬಾಟಲಿ ತಂಪು ಪಾನೀಯ ತರಿಸುತ್ತೇವೆ. ಡೆಲಿವರಿ ಚಾರ್ಜು, ಹ್ಯಾಂಡ್ಲಿಂಗ್ ಚಾರ್ಜು ಎಂದು ಕೆಳಗೆ ಸೇರಿಕೊಂಡ ಸಣ್ಣ ಸಾಲುಗಳ ಕಡೆ ಕಣ್ಣು ಹಾಯಿಸುವುದೂ ಇಲ್ಲ. ತಿಂಗಳ ಕೊನೆಗೆ ಕೈ ಬರಿದಾದಾಗ ಬೈಸಿಕೊಳ್ಳುವುದು ಮಾತ್ರ ತೊಗರಿಬೇಳೆ.

ಬೇಳೆ ದುಬಾರಿ ನಿಜ. ಆದರೆ ಕೇಂದ್ರ ಸರ್ಕಾರದ 2023–24ರ ಮನೆವಾರು ಬಳಕೆ ವೆಚ್ಚ ಸಮೀಕ್ಷೆ ಬೇರೆಯದೇ ಚಿತ್ರ ಕೊಡುತ್ತದೆ. ದೇಶದ ನಗರಗಳಲ್ಲಿ ಒಬ್ಬರು ಖರ್ಚು ಮಾಡುವ ನೂರು ರೂಪಾಯಿಯಲ್ಲಿ ಹೆಚ್ಚುಕಡಿಮೆ ನಲವತ್ತು ಹೊಟ್ಟೆಗೆ ಹೋಗುತ್ತದೆ. ಅದರಲ್ಲಿ ಅಕ್ಕಿ, ಗೋಧಿ, ರಾಗಿ, ಜೋಳ ಎಲ್ಲ ಸೇರಿ ನಾಲ್ಕು ರೂಪಾಯಿಯೂ ಇಲ್ಲ. ಪಾನೀಯ, ಕುರುಕಲು ತಿಂಡಿ, ಸಿದ್ಧ ಆಹಾರಕ್ಕೆ ಹೋಗುವುದು ಸುಮಾರು ಹನ್ನೊಂದು ರೂಪಾಯಿ. ಹೋಟೆಲಿನ ತಿಂಡಿ–ಊಟವೂ ಇದರಲ್ಲೇ ಸೇರಿದೆ, ಇರಲಿ. ಊಟದ ಖರ್ಚಿನಲ್ಲಿ ಇದೇ ದೊಡ್ಡ ಬಾಬತ್ತು. ಹಳ್ಳಿಗಳಲ್ಲೂ ಕಥೆ ಅದೇ: ಧಾನ್ಯಕ್ಕೆ ಐದು, ತಿಂಡಿ–ಪಾನೀಯಕ್ಕೆ ಹತ್ತಿರ ಹತ್ತಿರ ಹತ್ತು. ಅಂದರೆ ನಗರದ ಮನೆಯಲ್ಲಿ ಅಕ್ಕಿಯನ್ನು ಹತ್ತು ಪರ್ಸೆಂಟ್ ಅಗ್ಗಕ್ಕೆ ತಂದರೂ ನೂರಕ್ಕೆ ನಲವತ್ತು ಪೈಸೆ ಉಳಿಯುವುದು ಕಷ್ಟ. ತಿಂಡಿ–ಪಾನೀಯದ ಖರ್ಚನ್ನು ಕಾಲುಭಾಗ ಇಳಿಸಿದರೆ ಎರಡೂವರೆ ರೂಪಾಯಿಗೂ ಮೇಲೆ ಉಳಿಯುತ್ತದೆ.

ಬಿಲ್ಲು ಹರವಿಕೊಂಡು ಕೂರಿ

ಕಳೆದ ತಿಂಗಳ ಬಿಲ್ಲುಗಳನ್ನೆಲ್ಲ ತೆಗೆಯಿರಿ. ಅಂಗಡಿಯ ಚೀಟಿ, ಸೂಪರ್ ಮಾರ್ಕೆಟ್ಟಿನ ಉದ್ದದ ಬಿಲ್ಲು, ಮೊಬೈಲಿನಲ್ಲಿರುವ ಆರ್ಡರುಗಳು ಎಲ್ಲವೂ ಇರಲಿ. ಪ್ರತಿ ಸಾಮಾನನ್ನೂ ಮೂರರಲ್ಲಿ ಒಂದು ಪಟ್ಟಿಗೆ ಸೇರಿಸಿ. ಒಲೆಯ ಮೇಲೆ ಬೇಯಬೇಕಾದದ್ದು ಒಲೆಯ ಸಾಮಾನು. ಪೊಟ್ಟಣ ಹರಿದು ನೇರ ಬಾಯಿಗೆ ಹೋಗುವುದು ಬಾಯಿಯ ಸಾಮಾನು. ಸೋಪು, ಶಾಂಪೂ, ಡಿಟರ್ಜೆಂಟ್, ಫಿನಾಯಿಲ್ ಬಚ್ಚಲ ಸಾಮಾನು.

ಒಟ್ಟು ಕೂಡಿಸಿದಾಗ ಮೂರು ಮೊತ್ತಗಳು ಎದುರು ನಿಲ್ಲುತ್ತವೆ. ಒಲೆಯ ಸಾಮಾನು ಮನೆಯ ತಲೆ ಎಣಿಕೆಗೆ ಕಟ್ಟುಬಿದ್ದದ್ದು, ತಿಂಗಳಿಂದ ತಿಂಗಳಿಗೆ ಅಷ್ಟಾಗಿ ಏರುಪೇರಾಗುವುದಿಲ್ಲ. ಮಕ್ಕಳ ರಜೆ, ಕ್ರಿಕೆಟ್ ಮ್ಯಾಚು, ನೆಂಟರು ಎಂದರೆ ಹಿಗ್ಗುವುದು ಬಾಯಿಯ ಸಾಮಾನು. ಆಫರ್ ಕಂಡಾಗ ಗೂಡಿನಲ್ಲಿ ಮೂರು ತಿಂಗಳಿಗಾಗುವಷ್ಟು ರಾಶಿ ಬೀಳುವುದು ಬಚ್ಚಲ ಸಾಮಾನು. ಕತ್ತರಿ ಆಡಿಸಲು ಹೆಚ್ಚು ಜಾಗವಿರುವುದು ಕೊನೆಯ ಎರಡರಲ್ಲೇ.

ಪೊಟ್ಟಣದ ಲೆಕ್ಕ

ಒಲೆಯ ಸಾಮಾನಿನಲ್ಲಿ ಜೇಬು ಕತ್ತರಿಸುವುದು ಬೆಲೆಗಿಂತ ಹೆಚ್ಚಾಗಿ ತೂಕ. ಹಿಂದೆ ಎಣ್ಣೆ, ಬಿಸ್ಕತ್ತು, ಚಹಾಪುಡಿ ಮುಂತಾದವನ್ನು ಯಾವ ಯಾವ ತೂಕದಲ್ಲಿ ಪ್ಯಾಕ್ ಮಾಡಬೇಕು ಎಂದು ಕಾನೂನೇ ಗೊತ್ತುಮಾಡಿತ್ತು. ಪೊಟ್ಟಣ ಸಾಮಗ್ರಿಗಳ ತೂಕ–ಅಳತೆ ನಿಯಮಕ್ಕೆ 2021ರಲ್ಲಿ ತಂದ ತಿದ್ದುಪಡಿಯಿಂದ ಆ ಕಟ್ಟು ಹೋಯಿತು. ತಯಾರಕರು ತಮಗೆ ಬೇಕಾದ ತೂಕದಲ್ಲಿ ಮಾರಬಹುದು, ಬದಲಿಗೆ ಗ್ರಾಂಗೆ ಅಥವಾ ಕೆಜಿಗೆ ಎಷ್ಟು ಬಿತ್ತು ಎಂಬುದನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು ಎಂದಾಯಿತು. ಒಂದು ಕೆಜಿಗಿಂತ ಕಡಿಮೆಯಿದ್ದರೆ ಗ್ರಾಂ ಲೆಕ್ಕ, ಹೆಚ್ಚಿದ್ದರೆ ಕೆಜಿ ಲೆಕ್ಕ. ಎಂಆರ್‌ಪಿ ಇರುವ ಆಸುಪಾಸಿನಲ್ಲೇ ಸಣ್ಣಕ್ಷರದಲ್ಲಿ ಅದು ಇರುತ್ತದೆ.

ಅಡುಗೆ ಎಣ್ಣೆಯನ್ನೇ ತೆಗೆದುಕೊಳ್ಳಿ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಈಗ ಅದೇ ಗಾತ್ರ, ಅದೇ ಬಣ್ಣದ ಪ್ಯಾಕೆಟ್ಟು 850 ಗ್ರಾಂ, 800 ಗ್ರಾಂ ಲೆಕ್ಕದಲ್ಲೂ ಅಂಗಡಿಯಲ್ಲಿ ಪಕ್ಕಪಕ್ಕ ಕೂತಿರುತ್ತದೆ. ಮಾತಿಗೆ, 910 ಗ್ರಾಮಿನದ್ದು 150 ರೂಪಾಯಿ, 850 ಗ್ರಾಮಿನದ್ದು 144 ರೂಪಾಯಿ ಎಂದಿಟ್ಟುಕೊಳ್ಳಿ. ಆರು ರೂಪಾಯಿ ಅಗ್ಗ ಎಂದು ಕೈ ಎರಡನೆಯದಕ್ಕೇ ಹೋಗುತ್ತದೆ. ಭಾಗಿಸಿ ನೋಡಿದರೆ ಮೊದಲನೆಯದು ಗ್ರಾಂಗೆ ಹದಿನಾರೂವರೆ ಪೈಸೆ, ಎರಡನೆಯದು ಹದಿನೇಳು ಪೈಸೆಗೆ ಒಂದು ಕೂದಲೆಳೆ ಕಡಿಮೆ. ಎರಡನೆಯ ದರದಲ್ಲಿ ಪೂರ್ತಿ ಲೀಟರ್ ಕೊಂಡಿದ್ದರೆ 154 ರೂಪಾಯಿ ಆಗುತ್ತಿತ್ತು. ಅಗ್ಗ ಎಂದು ತಂದದ್ದೇ ನಾಲ್ಕು ರೂಪಾಯಿ ತುಟ್ಟಿ. ಒಂದರ ಮೇಲೆ ಲೀಟರ್ ಲೆಕ್ಕ, ಇನ್ನೊಂದರ ಮೇಲೆ ಗ್ರಾಂ ಲೆಕ್ಕ ಇದ್ದರೆ ಗೊಂದಲ ಬೇಡ: ಎರಡರ ತೂಕವನ್ನೂ ನೋಡಿ ಫೋನಿನ ಕ್ಯಾಲ್ಕುಲೇಟರಿನಲ್ಲಿ ಭಾಗಿಸಿಬಿಡಿ.

ಐದು, ಹತ್ತು ರೂಪಾಯಿಯ ಬಿಸ್ಕತ್ತು, ಸೋಪು, ಚಿಪ್ಸುಗಳದ್ದು ಇನ್ನೊಂದು ಆಟ. ಬೆಲೆ ವರ್ಷಗಟ್ಟಲೆ ಅಲುಗಾಡುವುದಿಲ್ಲ, ಒಳಗಿನ ಗ್ರಾಂ ಮಾತ್ರ ಸದ್ದಿಲ್ಲದೆ ಕರಗುತ್ತದೆ. ಹಾಗೆಂದು ದೊಡ್ಡ ಪ್ಯಾಕೆಟ್ಟು ಯಾವಾಗಲೂ ಅಗ್ಗ ಎಂದು ನಂಬಿದರೂ ಏಮಾರುತ್ತೀರಿ. ಶಾಂಪೂವಿನ ಸಣ್ಣ ಸ್ಯಾಷೆಗಳು ಮಿಲಿಲೀಟರ್ ಲೆಕ್ಕದಲ್ಲಿ ಬಾಟಲಿಗಿಂತ ಸೋವಿ ಬೀಳುವುದು ಎಷ್ಟೋ ಸಲ ಉಂಟು.

ಎಂಆರ್‌ಪಿ ಎಂಬುದು ಮೇಲ್ಮಿತಿ, ಅದನ್ನು ನಿಗದಿ ಮಾಡುವವರು ತಯಾರಕರೇ. ಅದರ ಮೇಲೆ ‘ಶೇ 40 ರಿಯಾಯಿತಿ’ ಎಂದು ಬೋರ್ಡು ಹಾಕಿದ್ದಾರೆ ಎಂದರೆ ಅಗ್ಗವಾಯಿತು ಎಂದೇನಲ್ಲ. ಪಕ್ಕದ ರಸ್ತೆಯ ಅಂಗಡಿಯಲ್ಲಿ ಕೊಡುವ ಮಾಮೂಲಿ ದರವೇ ಅಳತೆಗೋಲು. ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ ಕೊಡಬೇಕಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಇಪ್ಪತ್ತಾರು ಕೆಜಿ ಮೂಟೆಯ ಗುಟ್ಟು

ಅಕ್ಕಿ ಮಂಡಿಗಳಲ್ಲಿ 25 ಕೆಜಿ ಮೂಟೆಯ ಜೊತೆಗೆ 26 ಕೆಜಿಯದ್ದೂ ಕಾಣುವುದೇಕೆ ಎಂದು ಎಷ್ಟೋ ಜನ ಯೋಚಿಸಿರಬಹುದು. 2022ರ ಜುಲೈ 18ರಿಂದ ಮೊದಲೇ ಪ್ಯಾಕ್ ಮಾಡಿ ಲೇಬಲ್ ಅಂಟಿಸಿದ ಅಕ್ಕಿ, ಹಿಟ್ಟು, ಬೇಳೆ, ಬೆಲ್ಲಕ್ಕೆ ಶೇ 5 ಜಿಎಸ್‌ಟಿ ಬಂತು, ಆದರೆ 25 ಕೆಜಿವರೆಗಿನ ಪ್ಯಾಕಿಗೆ ಮಾತ್ರ. ಒಂದು ಕೆಜಿ ಸೇರಿಸಿದರೆ ತೆರಿಗೆ ತಪ್ಪಿತು. ಹಾಗೆ ಹುಟ್ಟಿದ್ದು 26 ಕೆಜಿ ಮೂಟೆ.

ಮೂಟೆ ತರುವ ಶಕ್ತಿ, ಇಡುವ ಜಾಗ ಎಲ್ಲರಿಗೂ ಇರುವುದಿಲ್ಲ. ಬಾಯಿ ತೆರೆದ ಮೂಟೆಯಿಂದ ಎದುರಿಗೇ ತೂಗಿ ಕೊಡುವ ಬಿಡಿ ಅಕ್ಕಿ, ಬಿಡಿ ಬೇಳೆಗೂ ಈ ತೆರಿಗೆ ಇಲ್ಲ. ಬಿಡಿಯಾಗಿ ಕೊಂಡರೆ ಮುಟ್ಟಿ, ಮೂಸಿ, ಹುಳ–ಕಲ್ಲು ನೋಡಿ ತರಬಹುದು, ಬೇಕಾದಷ್ಟೇ ತರಬಹುದು. ಬೆಂಗಳೂರಿನಲ್ಲಿ ತರಗುಪೇಟೆ ಮತ್ತು ಯಶವಂತಪುರದ ಎಪಿಎಂಸಿ ಯಾರ್ಡು, ಮೈಸೂರಿನಲ್ಲಿ ಸಂತೆಪೇಟೆ, ಚಿಕ್ಕ ಊರುಗಳಲ್ಲಿ ವಾರದ ಸಂತೆ ಇದಕ್ಕೆ ಹೇಳಿ ಮಾಡಿಸಿದ ಜಾಗಗಳು. ಒಬ್ಬರೇ ಹೋಗಿಬಂದರೆ ಪೆಟ್ರೋಲಿಗೇ ಸರಿಹೋಗುತ್ತದೆ. ಅಪಾರ್ಟ್‌ಮೆಂಟಿನ ನಾಲ್ಕು ಮನೆ ಸೇರಿ ಅಕ್ಕಿ, ತೊಗರಿಬೇಳೆ, ಈರುಳ್ಳಿ ತರಿಸಿ ಹಂಚಿಕೊಂಡರೆ ಮಾತ್ರ ಲೆಕ್ಕ ಗಿಟ್ಟುತ್ತದೆ.

2025ರ ಸೆಪ್ಟೆಂಬರ್ 22ರಿಂದ ತುಪ್ಪ, ಬೆಣ್ಣೆಯ ಜಿಎಸ್‌ಟಿ 12ರಿಂದ 5ಕ್ಕೆ, ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತಿನದ್ದು 18ರಿಂದ 5ಕ್ಕೆ ಇಳಿದಿದೆ. ಅದರಿಂದ ಬಚ್ಚಲ ಸಾಮಾನು ಹಗುರಾಯಿತು. ಬಿಸ್ಕತ್ತು ಅಗ್ಗವಾಯಿತೆಂದು ಎರಡು ಪೊಟ್ಟಣ ಜಾಸ್ತಿ ತಂದರೆ ಬಾಯಿಯ ಸಾಮಾನಿನಲ್ಲಿ ಅದೂ ಕರಗಿಹೋಗುತ್ತದೆ.

ಕಾಲ ನೋಡಿ ಕೊಂಡವರು

ನಮ್ಮ ಅಜ್ಜಿಯರ ಕಾಲದಲ್ಲಿ ವರ್ಷದ ಸಾಮಾನು ಎಂಬ ಪದ್ಧತಿಯಿತ್ತು. ಮಾಲು ಕಣದಿಂದ ಹೊಸದಾಗಿ ಬಂದು ಮಾರುಕಟ್ಟೆ ತುಂಬಿದಾಗ ಕೊಂಡು, ಬಿಸಿಲಿಗೆ ಹಾಕಿ, ಡಬ್ಬ–ಭರಣಿ ತುಂಬಿಸಿಡುತ್ತಿದ್ದರು. ಎರಡು ಕೋಣೆಯ ಮನೆಯಲ್ಲಿ ವರ್ಷದ್ದು ಹಿಡಿಸುವುದಿಲ್ಲ. ಮೂರು ತಿಂಗಳದ್ದಾದರೂ ಈ ಲೆಕ್ಕದಲ್ಲಿ ಕೊಳ್ಳಬಹುದು.

ಕಲಬುರಗಿ, ವಿಜಯಪುರ, ಬೀದರಿನ ಕಡೆ ತೊಗರಿ ಕಟಾವಾಗುವುದು ಡಿಸೆಂಬರ್–ಜನವರಿಯಲ್ಲಿ. ಸಂಕ್ರಾಂತಿ ಕಳೆದ ಮೇಲೆ ಹೊಸ ಬೇಳೆ ಬರತೊಡಗುತ್ತದೆ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿಯ ರಾಶಿ ಹರಿದುಬರುವುದು ಜನವರಿಯಿಂದ ಮಾರ್ಚ್‌ವರೆಗೆ. ಆಮೇಲೆ ಸಿಗುವುದು ಶೀತಲಗೃಹದ ಸರಕು, ಅದರ ಬಾಡಿಗೆಯೂ ದರಕ್ಕೆ ಸೇರಿರುತ್ತದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂದು ಬೆರೆಸಿ, ಧನಿಯ, ಮೆಂತ್ಯ ಹುರಿದು, ಗಿರಣಿಯಲ್ಲಿ ಒಮ್ಮೆಗೆ ಪುಡಿ ಮಾಡಿಸಿದರೆ ನೂರು ಗ್ರಾಮಿನ ಪುಟ್ಟ ಡಬ್ಬಿಯಲ್ಲಿ ಬರುವ ಸಾಂಬಾರ್ ಪುಡಿಯ ದರವನ್ನು ಕೆಜಿಗೆ ಗುಣಿಸಿ ನೋಡಿದಾಗ ಆಗುವ ಗಾಬರಿ ತಪ್ಪುತ್ತದೆ.

ಹೊಸ ಹುಣಸೆಹಣ್ಣು ಯುಗಾದಿಯ ಆಸುಪಾಸಿನಲ್ಲಿ ಬರುತ್ತದೆ. ಬೀಜ ತೆಗೆಯದ ಹಣ್ಣನ್ನು ತಂದು, ಬೀಜ–ನಾರು ಬಿಡಿಸಿ, ಕಲ್ಲುಪ್ಪು ಬೆರೆಸಿ ಭರಣಿಗೆ ಅದುಮಿಟ್ಟರೆ ಮುಂದಿನ ಯುಗಾದಿಗೂ ಕೆಡುವುದಿಲ್ಲ. ತೊಗರಿಬೇಳೆಗೆ ಒಂದೆರಡು ಚಮಚ ಹರಳೆಣ್ಣೆ ಸವರಿಡುವುದು, ಅಕ್ಕಿಡಬ್ಬಕ್ಕೆ ಒಣಗಿಸಿದ ಬೇವಿನ ಸೊಪ್ಪು ಹಾಕುವುದು, ರವೆಯನ್ನು ತಂದ ದಿನವೇ ಹುರಿದಿಡುವುದು ಇವೆಲ್ಲ ಹುಳದ ಬಾಯಿಗೆ ದುಡ್ಡು ಹೋಗದಂತೆ ತಡೆಯುವ ಹಳೆಯ ಉಪಾಯಗಳು.

ತರಕಾರಿಗೆ ಕಾಲ ಇನ್ನೂ ಮುಖ್ಯ. 2023ರ ಜುಲೈಯಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಸೆಪ್ಟೆಂಬರ್ ಹೊತ್ತಿಗೆ ಅದೇ ಹಣ್ಣಿನ ದರ ಕುಸಿದು ರೈತರು ಕಂಗಾಲಾಗಿದ್ದರು. ಏರಿದಾಗ ಹುಣಸೆ ಹುಳಿಯ ಸಾರು, ಇಳಿದಾಗ ಟೊಮೆಟೊ ತೊಕ್ಕು, ಹೀಗೆ ಅಡುಗೆಯೇ ಮಾರುಕಟ್ಟೆಯನ್ನು ಹಿಂಬಾಲಿಸಬೇಕು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹೂವು, ಬಾಳೆಹಣ್ಣು, ತೆಂಗಿನಕಾಯಿ ಕೊಳ್ಳಲು ಹೋಗುವವರಿಗೆ ಈ ಪಾಠ ಬೇರೆ ಹೇಳಬೇಕಿಲ್ಲ. ಬಾಡದಿರುವ ತೆಂಗಿನಕಾಯಿಯನ್ನಾದರೂ ವಾರ ಮುಂಚೆ ತರಬಹುದು.

ಸರಿಯಾದ ದರ ಯಾವುದು ಎಂದು ತಿಳಿಯಲು ಹಾಪ್‌ಕಾಮ್ಸ್ ಮಳಿಗೆಯ ಬೋರ್ಡು ನೋಡುವುದು ಸುಲಭದ ದಾರಿ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದ ಸಂಸ್ಥೆಯಿದು. ಅಲ್ಲೇ ಕೊಳ್ಳಬೇಕೆಂದಿಲ್ಲ. ಆ ದಿನದ ದರಪಟ್ಟಿ ತಲೆಯಲ್ಲಿದ್ದರೆ ಉಳಿದ ಕಡೆ ಮೋಸಹೋಗುವುದಿಲ್ಲ.

ತಂದದ್ದು ತಿನ್ನದಿದ್ದರೆ

ಭಾರತದ ಮನೆಗಳಲ್ಲಿ ತಲಾ ವರ್ಷಕ್ಕೆ 55 ಕೆಜಿ ಆಹಾರ ವ್ಯರ್ಥವಾಗುತ್ತದೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಅಂದಾಜಿಸಿದೆ. ನಾಲ್ಕು ಜನರ ಮನೆಗೆ 220 ಕೆಜಿ. ಸಿಪ್ಪೆ, ತೊಟ್ಟು, ಮೂಳೆಗಳನ್ನೂ ಸೇರಿಸಿ ಹೇಳಿದ ಲೆಕ್ಕವಿದು. ಹಾಗಿದ್ದರೂ ಫ್ರಿಜ್ಜಿನ ಕೆಳಗಿನ ಡ್ರಾಯರಿನಲ್ಲಿ ಕೊಳೆತ ಸೌತೆಕಾಯಿ, ಕಪ್ಪಾದ ಸೊಪ್ಪು ಯಾವ ಮನೆಯಲ್ಲಿ ಇಲ್ಲ?

ನಮ್ಮ ಅಡುಗೆಯಲ್ಲೇ ಇದಕ್ಕೆ ಮದ್ದಿದೆ. ಬಸ್ಸಾರು ನೋಡಿ. ಸೊಪ್ಪು–ಕಾಳು ಬೇಯಿಸಿ ಬಸಿದ ಕಟ್ಟಿನಿಂದ ಸಾರು, ಉಳಿದದ್ದರಿಂದ ಪಲ್ಯ. ಒಂದೇ ಬೇಯಿಸುವಿಕೆಗೆ ಎರಡು ಪದಾರ್ಥ. ಹೀರೇಕಾಯಿಯ ತಿರುಳು ಹುಳಿಗೆ ಹೋದರೆ ಸಿಪ್ಪೆ ಚಟ್ನಿಗೆ. ಕರಾವಳಿಯಲ್ಲಿ ಕಲ್ಲಂಗಡಿಯ ಬಿಳಿಭಾಗವನ್ನು ಅಕ್ಕಿಯ ಜೊತೆ ರುಬ್ಬಿ ದೋಸೆ ಹುಯ್ಯುತ್ತಾರೆ, ಹಲಸಿನ ಬೀಜ ಪಲ್ಯ–ಸಾಂಬಾರಿಗೆ ಬೀಳುತ್ತದೆ. ಪೇಟೆಗೆ ಹೊರಡುವ ಮುನ್ನ ಫ್ರಿಜ್ಜು ತೆರೆದು ಇರುವುದನ್ನು ಮುಗಿಸುವ ಎರಡು ದಿನದ ಅಡುಗೆ ಯೋಚಿಸಿ, ಆಮೇಲೆ ಚೀಟಿ ಬರೆಯಿರಿ. ಚೀಟಿಯಿಲ್ಲದೆ ಹೋದವರು ಮನೆಯಲ್ಲಿ ಇರುವುದನ್ನೇ ಮತ್ತೆ ತರುತ್ತಾರೆ.

ಯಾರ ಬೆವರಿನ ಉಳಿತಾಯ?

ಒಂದು ಕೆಜಿ ಅಕ್ಕಿ–ಉದ್ದು ರುಬ್ಬಿದರೆ ಎರಡು ಕೆಜಿಗೂ ಮಿಕ್ಕಿ ದೋಸೆಹಿಟ್ಟು ಆಗುತ್ತದೆ, ಪ್ಯಾಕೆಟ್ ಹಿಟ್ಟಿಗೆ ಯಾಕೆ ದುಡ್ಡು ಸುರಿಯಬೇಕು ಎಂದು ಹೇಳುವುದು ಸುಲಭ. ನೆನೆಸಿ, ರುಬ್ಬಿ, ಪಾತ್ರೆ ತೊಳೆಯುವವರು ಯಾರು ಎಂಬ ಪ್ರಶ್ನೆಯೂ ಜೊತೆಗೇ ಬರಬೇಕು. ಎಂಟು ಗಂಟೆ ದುಡಿದು ಬಂದ ಹೆಂಗಸಿನ ಹೆಗಲಿಗೇ ಮನೆಯ ಉಳಿತಾಯ ಬೀಳುವುದಾದರೆ ಅದು ಲೆಕ್ಕಕ್ಕೆ ಸಿಗದ ಖರ್ಚು. ಹುಣಸೆ ಬಿಡಿಸುವ, ಸೊಪ್ಪು ಸೋಸುವ ಕೆಲಸಕ್ಕೆ ಟಿವಿ ನೋಡುತ್ತಾ ಕೂತ ಗಂಡ–ಮಕ್ಕಳ ಕೈಗಳೂ ಸೇರಲಿ. ಸೇರದಿದ್ದರೆ ಪ್ಯಾಕೆಟ್ ಹಿಟ್ಟು ತರುವುದೇ ನ್ಯಾಯ.

ಮೇಲೆ ಹೇಳಿದ್ದರಲ್ಲಿ ಬಹುಪಾಲು ತಿಂಗಳ ಸಂಬಳ ಬರುವ ಮನೆಗಳಿಗೆ. ದಿನಗೂಲಿಯವರು ಸಂಜೆಯ ಕೂಲಿಯಲ್ಲಿ ಕಾಲು ಕೆಜಿ ಬೇಳೆ, ಹತ್ತು ರೂಪಾಯಿಯ ಎಣ್ಣೆ ತರುತ್ತಾರೆ. ಒಮ್ಮೆಗೇ ಕೊಳ್ಳಲು ದುಡ್ಡಿಲ್ಲದ ತಪ್ಪಿಗೆ ಪ್ರತಿ ಗ್ರಾಂಗೂ ಉಳ್ಳವರಿಗಿಂತ ಹೆಚ್ಚು ತೆರುತ್ತಾರೆ. 2013ರಲ್ಲಿ ಶುರುವಾದ ಅನ್ನಭಾಗ್ಯದಂಥ ಪಡಿತರದ ಅಕ್ಕಿ ಅಂಥ ಮನೆಗಳಲ್ಲಿ ಮಾಡುವ ಉಳಿತಾಯವನ್ನು ಯಾವ ರಿಯಾಯಿತಿ ಕೂಪನ್ನೂ ಮಾಡಲಾರದು.

ಉಳಿದವರು ಎಲ್ಲವನ್ನೂ ಒಟ್ಟಿಗೆ ಹಚ್ಚಿಕೊಂಡರೆ ಎರಡನೇ ವಾರಕ್ಕೇ ಕೈಬಿಡುತ್ತಾರೆ. ಮೊದಲ ತಿಂಗಳು ಬಾಯಿಯ ಸಾಮಾನಿಗೆ ಒಂದು ಮಿತಿ ಹಾಕಿ, ಅದು ಮುಗಿದ ಮೇಲೆ ಕಡ್ಲೆಪುರಿ, ಹುರಿಗಡಲೆ, ನೆಲಗಡಲೆಯಲ್ಲಿ ತಿಂಗಳು ದೂಡಿ. ಎರಡನೇ ತಿಂಗಳು ಎಣ್ಣೆ, ಕಾಫಿಪುಡಿ, ಡಿಟರ್ಜೆಂಟಿನ ಗ್ರಾಂ ಲೆಕ್ಕ ಹಿಡಿಯಿರಿ. ಮೂರನೇ ತಿಂಗಳಿಗೆ ನೆರೆಮನೆಯವರನ್ನು ಕರೆದು ಮೂಟೆಯ ಮಾತಾಡಿ. ಇಷ್ಟಾದ ಮೇಲೂ ತೊಗರಿಬೇಳೆಯ ದರ ಕಂಡು ಸಿಟ್ಟು ಬಂದರೆ, ಆ ಸಿಟ್ಟಿಗೆ ಕಾರಣವಿದೆ ಎಂದೇ ಅರ್ಥ.