ದಿನಕ್ಕೆ ಸಾವಿರ ಕೋಟಿ

ಔಷಧಿ ಶುರುಮಾಡದ ಎಚ್‌ಐವಿ ಸೋಂಕಿತರೊಬ್ಬರ ಮೈಯಲ್ಲಿ ಒಂದು ದಿನಕ್ಕೆ ಹುಟ್ಟುವ ಹೊಸ ವೈರಾಣುಗಳು ಸುಮಾರು 1,000 ಕೋಟಿ. ಭೂಮಿಯ ಮೇಲಿನ ಮನುಷ್ಯರೆಲ್ಲ ಸೇರಿದರೂ ಅಷ್ಟಾಗುವುದಿಲ್ಲ. ಒಂದರ ಪಕ್ಕ ಒಂದಿಟ್ಟರೆ ಆ ಒಂದು ದಿನದ ಸಾಲು ಕಿಲೋಮೀಟರ್ ಉದ್ದವಾಗುತ್ತದೆ. ಗುಡ್ಡೆ ಹಾಕಿದರೆ ಮಾತ್ರ ಒಂದು ಉಪ್ಪಿನ ಹರಳಿನಷ್ಟೂ ಇಲ್ಲ!

ಈ ಲೆಕ್ಕ ಸಿಕ್ಕಿದ ಬಗೆಯೇ ಸೊಗಸು. ಸೋಂಕು ತಗಲಿದ ಮೇಲೆ ಎಂಟು ಹತ್ತು ವರ್ಷ ಮನುಷ್ಯ ಗಟ್ಟಿಮುಟ್ಟಾಗಿಯೇ ಓಡಾಡುವುದುಂಟು. ಆ ಕಾಲವೆಲ್ಲ ವೈರಾಣು ಮಲಗಿರುತ್ತದೆ ಎಂದೇ ಅನೇಕರು ನಂಬಿದ್ದರು. ಸಂಶೋಧಕರಾದ ಡೇವಿಡ್ ಹೋ, ಅಲನ್ ಪೆರೆಲ್ಸನ್ ಮತ್ತು ಸಂಗಡಿಗರು ಐದು ಜನ ಸೋಂಕಿತರಿಗೆ ವೈರಾಣುವಿನ ಹುಟ್ಟನ್ನು ತಡೆಯುವ ಔಷಧಿ ಕೊಟ್ಟು, ಮತ್ತೆ ಮತ್ತೆ ರಕ್ತ ತೆಗೆದು ಎಣಿಸಿದರು. ಲೆಕ್ಕ ಕೆರೆಯದ್ದೇ: ತೂಬು ತೆರೆದಿದ್ದರೂ ಕೆರೆಯ ನೀರು ಒಂದೇ ಮಟ್ಟದಲ್ಲಿದೆ ಎಂದರೆ, ಹೊರಗೆ ಹೋದಷ್ಟೂ ಒಳಗೆ ಬರುತ್ತಿದೆ ಎಂದರ್ಥ. ಒಳಹರಿವು ಕಟ್ಟಿ, ಮಟ್ಟ ಎಷ್ಟು ಬೇಗ ಇಳಿಯಿತೆಂದು ನೋಡಿದರೆ ಎರಡರ ರಭಸವೂ ತಿಳಿಯುತ್ತದೆ. ರಕ್ತದಲ್ಲಿ ವೈರಾಣು ಆರೇ ತಾಸಿಗೆ ಅರ್ಧಕ್ಕಿಳಿಯುವಷ್ಟು ರಭಸ! 1996ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ವೈರಾಣು ಮಲಗಿರಲಿಲ್ಲ, ದೇಹವೂ ಮಲಗಿರಲಿಲ್ಲ. ಘನ ಮಿಲಿಮೀಟರ್ ರಕ್ತದಲ್ಲಿ 500ರಿಂದ 1,500 ಇರಬೇಕಾದ, ರೋಗ ತಡೆಯುವ ಸಿಡಿ4 ಬಿಳಿ ರಕ್ತಕಣಗಳು ವರ್ಷವರ್ಷವೂ ಸವೆದು 200ರ ಕೆಳಗಿಳಿದರೆ, ಅದು ಏಡ್ಸ್.

ಇಷ್ಟು ದೊಡ್ಡ ದಂಡಿಗೆ ಊಟದ ತಟ್ಟೆಯೊಂದನ್ನು ದಾಟಲು ಆಗುವುದಿಲ್ಲ. ಎಂಜಲು, ಬೆವರು, ಕೈಕುಲುಕುವುದು, ಒಂದೇ ಹಾಸಿಗೆಯ ನಿದ್ದೆ, ಯಾವುದರಿಂದಲೂ ಅದು ಹರಡದು. ಸೊಳ್ಳೆಯ ಹೊಟ್ಟೆ ಸೇರಿದರೆ ಅಲ್ಲೇ ಜೀರ್ಣವಾಗುತ್ತದೆ. ಅದಕ್ಕಿರುವ ದಾರಿಗಳು ಕೆಲವೇ: ಕಾಂಡೋಮ್ ಇಲ್ಲದ ಸಂಭೋಗ, ಹಂಚಿಕೊಂಡ ಸೂಜಿ, ಸೋಂಕಿನ ರಕ್ತ, ತಾಯಿಯಿಂದ ಮಗು. ಆ ದಾರಿಗಳೂ ಒಂದೇ ಅಳತೆಯವಲ್ಲ. ಸೋಂಕಿನ ರಕ್ತ ಏರಿಸಿಕೊಂಡ ಹತ್ತು ಜನರಲ್ಲಿ ಒಂಬತ್ತು ಜನರಿಗೆ ತಗಲುತ್ತದೆ; ಆಸ್ಪತ್ರೆಯಲ್ಲಿ ಸೋಂಕಿತರ ಸೂಜಿ ಆಕಸ್ಮಿಕವಾಗಿ ಚುಚ್ಚಿಕೊಂಡ ಸಾವಿರ ಜನರಲ್ಲಿ ಎರಡು ಮೂರು ಮಂದಿಗಷ್ಟೇ. ಅವರೂ 72 ತಾಸಿನೊಳಗೆ ಮಾತ್ರೆ ಶುರುಮಾಡಿದರೆ ಅಪಾಯ ಇನ್ನೂ ಇಳಿಯುತ್ತದೆ. ಚಿಕಿತ್ಸೆಯಿಲ್ಲದ ನೂರು ತಾಯಂದಿರಲ್ಲಿ 15ರಿಂದ 45 ಮಂದಿಯ ಕೂಸಿಗೆ ಸೋಂಕು ದಾಟುತ್ತದೆ. ಚಿಕಿತ್ಸೆಯಿದ್ದರೆ ಆ ಸಂಖ್ಯೆ ಐದಕ್ಕಿಂತ ಕೆಳಗೆ.

ಆದರೆ ನನ್ನನ್ನು ಬೆರಗಾಗಿಸಿದ್ದು ಒಂದು ಸೊನ್ನೆ. ಯುರೋಪಿನ 14 ದೇಶಗಳಲ್ಲಿ, ಒಬ್ಬರಿಗಷ್ಟೇ ಎಚ್‌ಐವಿ ಇದ್ದ 888 ಜೋಡಿಗಳನ್ನು ಸಂಶೋಧಕರು ಗಮನಿಸಿದರು. ಸೋಂಕಿತರೆಲ್ಲ ಮಾತ್ರೆ ನುಂಗುತ್ತಿದ್ದರು, ರಕ್ತದ ಮಿಲಿಲೀಟರಿನಲ್ಲಿ ವೈರಾಣು 200ಕ್ಕಿಂತ ಕಡಿಮೆ. ಆ ಜೋಡಿಗಳು ಕಾಂಡೋಮ್ ಇಲ್ಲದೆ ಕೂಡಿದ್ದು ಸುಮಾರು 58,000 ಸಲ. ಈ ಅವಧಿಯಲ್ಲಿ 11 ಜನರಿಗೆ ಹೊಸದಾಗಿ ಸೋಂಕು ಬಂತು. ಆ ವೈರಾಣುಗಳ ವಂಶವಾಹಿಯನ್ನು ಸಂಗಾತಿಯ ವೈರಾಣುವಿನ ಜೊತೆ ಹೋಲಿಸಿ ನೋಡಿದರೆ ಹನ್ನೊಂದರಲ್ಲಿ ಒಂದೂ ತಾಳೆಯಾಗಲಿಲ್ಲ. ಸೋಂಕು ಹೊರಗಿನಿಂದ ಬಂದದ್ದು. ಸಂಗಾತಿಯಿಂದ ಸಂಗಾತಿಗೆ ದಾಟಿದ್ದು ಸೊನ್ನೆ. ಆದರೂ ನಮ್ಮಲ್ಲಿ ಇನ್ನೂ ಎಷ್ಟೋ ಮನೆಗಳಲ್ಲಿ ಸೋಂಕಿತ ಸೊಸೆಯ ಲೋಟವನ್ನು ಬೇರೆಯೇ ಇಡುತ್ತಾರೆ.

ಆ ಸೊನ್ನೆಯನ್ನು ದಿನದಿನವೂ ಕಾಯಬೇಕು. ಹತ್ತು ಲಕ್ಷ ಸಿಡಿ4 ಕಣಗಳಲ್ಲಿ ಒಂದರಲ್ಲಿ ವೈರಾಣು ಔಷಧಿಗೆ ಸಿಗದಂತೆ ಅಡಗಿರುತ್ತದೆ. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಅದು ರಕ್ತಕ್ಕೆ ಮರಳುತ್ತದೆ. ಎಚ್‌ಐವಿ ಚಿಕಿತ್ಸೆ ಕೊಡುವ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಆ ಮಾತ್ರೆ ಉಚಿತ, ಬಹುತೇಕರಿಗೆ ದಿನಕ್ಕೆ ಒಂದು.