ಸುಳ್ಳು ಖಾತೆಯ ಶಿಫಾರಸು, ನಿಜವಾದ ಕಮಿಷನ್

ಹೆಸರಿಗೂ ಬೆಲೆಯುಂಟೆಂಬುದನ್ನು 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಮಟ್ಟುಗುಳ್ಳ ಉಡುಪಿಯ ವರ್ತಕರಿಗೆ ತೋರಿಸಿಕೊಟ್ಟಿದೆ. ಆ ಬೆಲೆಯನ್ನೇ ಕಳೆಯುವ ವ್ಯವಹಾರವೊಂದಿದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಇಲ್ಲದ ಗೃಹಿಣಿಯ, ಇಲ್ಲದ ವೈದ್ಯರ ಹೆಸರಿನಲ್ಲಿ ಖಾತೆ ತೆರೆದು, ಸರಕನ್ನು ಹೊಗಳಿ, ಪ್ರತಿ ಮಾರಾಟಕ್ಕೂ ಕಮಿಷನ್ ಪಡೆಯುವುದು. "ಖಾತೆ ಏಜೆಂಟರದು, ನಮಗೇನು?" ಎನ್ನುವ ಉತ್ಪಾದಕರೂ ಉಂಟು. ಕಮಿಷನ್ ವೋಚರಿಗೆ ಸಹಿ ಹಾಕುವವರು ಅವರೇ ಅಲ್ಲವೇ? 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ತಯಾರಕ, ಶಿಫಾರಸುದಾರ ಇಬ್ಬರಿಗೂ 10 ಲಕ್ಷ ರೂಪಾಯಿಯವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. 2022ರ ಮಾರ್ಗಸೂಚಿಗಳಂತೆ ಹಣದ ಸಂಬಂಧವನ್ನು ಶಿಫಾರಸಿನಲ್ಲಿಯೇ ಬಹಿರಂಗಪಡಿಸಬೇಕು; ಇಲ್ಲದ ವ್ಯಕ್ತಿ ಏನನ್ನು ಬಹಿರಂಗಪಡಿಸಿಯಾನು? ಒಪ್ಪಂದ ಬರೆಯುವಾಗಲೇ ಪ್ರಚಾರಕ್ಕೆ ಬಳಸುವ ಖಾತೆಗಳ ಪಟ್ಟಿಯನ್ನು ಏಜೆಂಟರಿಂದ ಪಡೆಯುವುದು ಒಳಿತು. ಪಟ್ಟಿ ಕೊಡದವರ ಬಿಲ್ಲನ್ನು ತಡೆಹಿಡಿಯುವ ಷರತ್ತೂ ಅದರಲ್ಲಿಯೇ ಇರಲಿ.