ಮಳೆಗೆ ತಕ್ಕ ರಾಗಿ ತಳಿ



"ಯಾವ ರಾಗಿ ತಳಿ ಒಳ್ಳೇದು?" ಎಂದು ಬಹಳ ಮಂದಿ ಕೇಳುತ್ತೀರಿ. ಉತ್ತರ ಹೇಳಬೇಕಾದರೆ ನಾವೂ ಒಂದು ಮಾತು ಕೇಳಬೇಕಾಗುತ್ತೆ: ನಿಮ್ಮ ಹೊಲಕ್ಕೆ ಬಿತ್ತನೆ ಹದದ ಮಳೆ ಯಾವಾಗ ಬಂತು?

ಕೋಲಾರ, ತುಮಕೂರು, ಮಂಡ್ಯ, ಹಾಸನ ಕಡೆಯ ಖುಷ್ಕಿ ಜಮೀನಿನಲ್ಲಿ ಈ ಲೆಕ್ಕ ತಪ್ಪಿದರೆ ವರ್ಷದ ಮುದ್ದೆಗೇ ಕುತ್ತು. ರಾಗಿ ಗಟ್ಟಿ ಪೈರು, ನಿಜ. ಎಳೆಯದಾಗಿದ್ದಾಗ ಬಾಡಿದರೂ ಒಂದು ಹದ ಮಳೆ ಬಿದ್ದರೆ ಚೇತರಿಸಿಕೊಳ್ಳುತ್ತೆ. ಆದರೆ ತೆನೆ ಹೊರಡುವಾಗ, ಕಾಳು ಕಟ್ಟುವಾಗ ತೇವ ತಪ್ಪಿತೋ, ಜೊಳ್ಳೇ ಗತಿ.

125 ದಿನದ ತಳಿಯನ್ನು ಆಗಸ್ಟ್ 15ಕ್ಕೆ ಬಿತ್ತಿದಿರಿ ಅನ್ನಿ. ತೆನೆ ಬರೋದು 80-85 ದಿನಕ್ಕೆ, ಅಂದರೆ ನವೆಂಬರ್ ಮೊದಲ ವಾರ. ಅಷ್ಟು ಹೊತ್ತಿಗೆ ಸ್ವಾತಿ ಮಳೆಯೂ ಮುಗಿಯುತ್ತಾ ಬಂದಿರುತ್ತೆ. ಅದೇ ದಿನ 100 ದಿನದ ತಳಿ ಬಿತ್ತಿದರೆ ಅಕ್ಟೋಬರ್ ನಡುವೆ, ಚಿತ್ತೆ ಮಳೆಯಲ್ಲೇ ತೆನೆ ಕಾಣುತ್ತೀರಿ. ಹೊಲ ಅದೇ, ಗೊಬ್ಬರ ಅದೇ. ಕಣಕ್ಕೆ ಬರುವ ರಾಶಿ ಮಾತ್ರ ಬೇರೆ.

ಆದ್ದರಿಂದ ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ, ಆರಿದ್ರೆ ಪುನರ್ವಸು ಮಳೆಗೆ ಹದ ಸಿಕ್ಕವರು ದೀರ್ಘಾವಧಿಯ ಎಂ.ಆರ್-1, ಎಂ.ಆರ್-6, ಎಲ್-5 ತಳಿಗಳನ್ನು ಧೈರ್ಯವಾಗಿ ಹಾಕಿ. ಇವು 120 ದಿನಕ್ಕೂ ಮಿಕ್ಕಿ ಹೊಲದಲ್ಲಿ ನಿಲ್ಲುತ್ತವೆ. ಕಾಳಿನ ಜೊತೆಗೆ ಹುಲ್ಲೂ ಹೆಚ್ಚು. ಹಟ್ಟಿಯಲ್ಲಿ ನಾಲ್ಕು ಹಸು ಕಟ್ಟಿ ಡೇರಿಗೆ ಹಾಲು ಹಾಕುವವರಿಗೆ ಹುಲ್ಲಿನ ಮೆದೆ ಸಣ್ಣ ಮಾತಲ್ಲ. ಜುಲೈ ಕೊನೆ, ಆಗಸ್ಟ್ ಮೊದಲಿಗೆ ಬಿತ್ತುವವರಿಗೆ ಜಿ.ಪಿ.ಯು-28, ಎಂ.ಎಲ್-365 ಸರಿ. ಅದಕ್ಕೂ ತಡವಾಯಿತೇ? ಜಿ.ಪಿ.ಯು-48, ಇಂಡಾಫ್-9 ತರಹದ ಅಲ್ಪಾವಧಿ ತಳಿ ಹುಡುಕಿ. ಹುಲ್ಲು ಕಮ್ಮಿ ಅಂತ ಮನೆಯಲ್ಲಿ ಗೊಣಗಿದರೂ ಕಾಳಾದರೂ ಕೈಗೆ ಬರುತ್ತೆ.

ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಡಾ. ಲಕ್ಷ್ಮಣಯ್ಯನವರು ನಮ್ಮ ನಾಡಿನ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಪಡೆದದ್ದೇ ಈ ಇಂಡಾಫ್ ತಳಿಗಳು. ಹೆಸರಿನಲ್ಲೇ ಇಂಡಿಯಾ ಇದೆ, ಆಫ್ರಿಕಾ ಇದೆ.

ಇನ್ನು ಬೆಂಕಿ ರೋಗ. ಮೋಡ ಮುಸುಕಿ ಜಡಿಮಳೆ ಹಿಡಿದರೆ ಎಲೆಯಲ್ಲಿ ಚುಕ್ಕೆ ಕಾಣುತ್ತೆ. ಆಮೇಲೆ ತೆನೆಯ ಕುತ್ತಿಗೆ ಕಪ್ಪಾಗಿ, ಇಲುಕುಗಳು ಒಣಗುತ್ತವೆ. ಹೋದ ವರ್ಷ ಈ ರೋಗ ಕಂಡ ಹೊಲದಲ್ಲಿ ಜಿ.ಪಿ.ಯು-28 ನಂಬಬಹುದು, ಅದಕ್ಕೆ ತಡೆಯುವ ಶಕ್ತಿ ಚೆನ್ನಾಗಿದೆ.

ಬಿಳಿ ರಾಗಿಯ ಮಾತನ್ನೂ ಕೇಳಿರುತ್ತೀರಿ. ಕೆ.ಎಂ.ಆರ್-340 ಅಂಥದ್ದು. ಹಿಟ್ಟು ಬೆಳ್ಳಗಿರುವುದರಿಂದ ತಿಂಡಿ ತಯಾರಿಸುವವರು ಇಷ್ಟಪಡುತ್ತಾರೆ. ಕೊಳ್ಳುವವರನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಬಿತ್ತಿ. ಮನೆ ಮುದ್ದೆಗೆ ಕೆಂಪು ರಾಗಿಯೇ ಇರಲಿ.

ಬೀಜಕ್ಕೆ ಪ್ರತಿ ವರ್ಷ ದುಡ್ಡು ಸುರಿಯಬೇಕಾಗಿಲ್ಲ. ರಾಗಿ ತನ್ನ ಹೂವಿನಲ್ಲೇ ಕಾಳು ಕಟ್ಟುವ ಪೈರು, ತಳಿ ಬೇಗ ಕೆಡದು. ಕೊಯ್ಲಿಗೆ ಮುಂಚೆ ಹೊಲದ ನಡುವಿನಿಂದ ರೋಗವಿಲ್ಲದ ತುಂಬು ತೆನೆಗಳನ್ನು ಆರಿಸಿ, ಬೇರೆ ಬಡಿದು, ಚೆನ್ನಾಗಿ ಒಣಗಿಸಿಡಿ. ಎರಡು ಚೀಲ ಇರಲಿ: ಒಂದರಲ್ಲಿ ದೀರ್ಘಾವಧಿ ತಳಿ, ಇನ್ನೊಂದರಲ್ಲಿ ಅಲ್ಪಾವಧಿ. ಕೂರಿಗೆ ಬಿತ್ತನೆಗಾದರೆ ಎಕರೆಗೆ 5 ಕಿಲೋ, ನಾಟಿಗಾದರೆ 2 ಕಿಲೋ ಸಾಕು. ಚೀಲದ ಮೇಲೆ ತಳಿಯ ಹೆಸರು ಬರೆದಿಡುವುದನ್ನು ಮರೆಯಬೇಡಿ. ಕಾಳು ನೋಡಿ ಯಾವುದು ಯಾವುದೆಂದು ಹೇಳೋದು ಯಾರಿಗೂ ಸುಲಭವಲ್ಲ.